ಬೂಟು ಬಿಟ್ಟ ಮಾಲಿಪಾಟೀಲರು

ಚಂದಾಪುರದ ನಾಮದೇವನ ಬೋರ್ಡು ಅಂಗಡಿಯಲ್ಲಿ ದಿನಗೂಲಿಗೆ ಬಣ್ಣ ಬಳಿಯುವ ಭೀಮಾಶಂಕರನ ಕೈ ಅಕ್ಷರಕ್ಕೆ ಪಳಗಿತ್ತು. ಜೀವವಿರುವ ಯಾವುದೂ ಅದಕ್ಕೆ ಒಲಿದಿರಲಿಲ್ಲ. ಅಂಗನವಾಡಿ ಗೋಡೆಗೆ ಅವನು ಬರೆದ ಹುಲಿಯನ್ನು ಮಕ್ಕಳು ಒಕ್ಕೊರಲಿನಿಂದ ‘ಬೆಕ್ಕು’ ಎಂದು ಓದಿದ್ದರು. ಆದರೂ ಕೊಡ್ಲಿ ಊರಿನ ಕಾಶೀನಾಥ ಮಾಲಿಪಾಟೀಲರು ತೀರಿಹೋದ ಅಜ್ಜನ ಎಣ್ಣೆಬಣ್ಣದ ಚಿತ್ರ ಬೇಕೆಂದಾಗ ತಾನೇ ಮುಂದೆ ಬಿದ್ದ.

“ಒಪ್ಪಿಗಿ ಆದ್ರ ನಾಳಿಂದ ಮುಖದ ಕೆಲಸ ನಿಂದು,” ಎಂದ ನಾಮದೇವ. “ಇಲ್ಲಂದ್ರ ಸಾಯೋತನಕ ‘ಇಲ್ಲಿ ಮೂತ್ರ ಮಾಡಬಾರದು’ ಬರಕೋತ ಇರು.”

ಅಜ್ಜನ ಫೋಟೋ ಒಂದೂ ಇರಲಿಲ್ಲ. ಮಾದರಿಗೆ ಪಾಟೀಲರೇ ತಮ್ಮ ಮನೆಯ ಪಡಸಾಲೆಯಲ್ಲಿ ರೇಷ್ಮೆ ರುಮಾಲು ಸುತ್ತಿ, ಬೆಳ್ಳಿ ಹಿಡಿಯ ಬೆತ್ತ ಊರಿ, ಎದೆ ಉಬ್ಬಿಸಿ ಕುಳಿತರು.

“ಬೂಟು ಛಂದ ಬರೀ. ಚಾವಡಿಯಾಗ ಎಲ್ಲರೂ ಕೆರ ಹೊರಗ ಬಿಡ್ತಿದ್ರು, ನಮ್ಮ ಮುತ್ಯಾ ಒಬ್ಬನೇ ಬೂಟಿನ್ಯಾಗ ಕುಂದರ್ತಿದ್ದ. ಗತ್ತಂದ್ರ ಅದು!”

ಹತ್ತು ದಿನದಲ್ಲಿ ಚಿತ್ರ ಮುಗಿಯಿತು. ಜೀವಕಳೆ ಬಂದದ್ದು ಬೂಟಿಗೆ ಮಾತ್ರ. ವಿಭೂತಿ ತಟ್ಟೆ ಹಿಡಿದು ಬಂದ ಪಾಟೀಲರ ತಾಯಿ ರತ್ನಾಬಾಯಿ ಅಲ್ಲೇ ನಿಂತು ಭೀಮಾಶಂಕರನತ್ತ ತಿರುಗಿದರು.

“ದೇವರ ಜಗಲಿ ಮ್ಯಾಲ ಇಡೋದು ಹೌದಲ್ಲೋ? ಬೂಟು ಹಾಕ್ಕೊಂಡವರಿಗಿ ನಾ ಈಬತ್ತಿ ಹಚ್ಚಂಗಿಲ್ಲ. ಬಿಚ್ಚಸು.”

ಭೀಮಾಶಂಕರ ಬೂಟು ಅಳಿಸಿ ಬರಿಗಾಲು ಬರೆದ. ಬೂಟನ್ನು ಕುರ್ಚಿಯ ಪಕ್ಕ ಜೋಡಿಸಿಟ್ಟ. ಮರುದಿನ ಹಣೆಯನ್ನೂ ಒಂದಿಷ್ಟು ತಿದ್ದುತ್ತಿರುವಾಗ ಪಾಟೀಲರು ಬಂದು ನೋಡಿ ಕಿಡಿಕಿಡಿಯಾದರು.

“ಏ ತಮ್ಮಾ, ಯಾರದೋ ಕಚೇರಿಗಿ ಅರ್ಜಿ ಕೊಡ್ಲಾಕ ಬಂದಂಗ ಕುಂತಾನಲ್ಲೋ! ತಿರುಗಿ ತೊಡಸು.”

“ತೊಡಸಿದ್ರ ಅವ್ವಾರು ಬೈತಾರ್ರಿ, ಗೌಡ್ರೆ.”

“ತೊಡಸಲಿಲ್ಲಂದ್ರ ಚಿತ್ರ ವಾಪಸ್!”

ಚಂದಾಪುರದ ಮೂತ್ರದ ಗೋಡೆಗಳೆಲ್ಲ ಭೀಮಾಶಂಕರನ ಕಣ್ಣ ಮುಂದೆ ಸಾಲುಗಟ್ಟಿದವು. ಕುಂಚವನ್ನು ಕರಿಬಣ್ಣಕ್ಕೆ ಅದ್ದುವಷ್ಟರಲ್ಲಿ ರತ್ನಾಬಾಯಿ ಒಳಗಿನಿಂದ ಬಂದರು. ಬರಿಗಾಲು ಕಂಡದ್ದೇ ತಡ, ಮೂರು ಬೆರಳಿನಿಂದ ಅಜ್ಜನ ಹಣೆಗೆ ವಿಭೂತಿ ಎಳೆದೇಬಿಟ್ಟರು. ಬಣ್ಣ ಹಸಿಯಿತ್ತು, ವಿಭೂತಿ ಕಚ್ಚಿಕೊಂಡಿತು. ಪಾಟೀಲರು ಗಾಬರಿಯಾಗಿ ಶಲ್ಯದಿಂದ ಒರೆಸಹೋದರೆ ಒಂದು ಹುಬ್ಬು ಶಲ್ಯಕ್ಕೆ ಬಂತು.

“ಕೈ ತಗಿ! ಪೂಜಿ ಆದ ಮ್ಯಾಲ ಹಿರ್ಯಾರಿಗಿ ಬೂಟು ತೊಡಸ್ತೀ?”

ಪಾಟೀಲರು ಕೈ ತೆಗೆದರು.

“ಹಂಗಾರ… ಒಪ್ಪಿಗಿ ಏನ್ರಿ, ಗೌಡ್ರೆ?” ಭೀಮಾಶಂಕರ ಮೆಲ್ಲಗೆ ಕೇಳಿದ.

“ನನಗೇನ್ ಕೇಳ್ತಿ? ಅವ್ವಗ ಕೇಳು.”

ರತ್ನಾಬಾಯಿ ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. “ಮುಖ ನಮ್ಮ ಮಾವಂದಲ್ಲ ಬಿಡು. ಕಾಲು ಮಾತ್ರ ಅವರವೇ.”

ಒಪ್ಪಿಗೆ ಆಯಿತೆಂದು ಭೀಮಾಶಂಕರ ನಾಮದೇವನಿಗೆ ಹೇಳಿದ. ಯಾವ ಭಾಗಕ್ಕೆ ಎಂದು ನಾಮದೇವ ಕೇಳಲಿಲ್ಲ.