ಮೇಣದಕ್ಕ ತನ್ನದೇ ಚೂರನ್ನು ಕೊಯ್ದಾಗ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಎರಡು ಮೇಜುಗಳಿದ್ದವು, ಅವುಗಳ ನಡುವೆ ಇಪ್ಪತ್ತೆರಡು ವರ್ಷದ ಜಗಳವಿತ್ತು. ಕಿಟಕಿ ಪಕ್ಕದ್ದು ಮೇಣದಕ್ಕನ ಮೇಜು. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೇಣದಲ್ಲಿ ಅಚ್ಚು ಹಾಕಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಕೂರಿಸುವುದು ಅವಳ ಕೆಲಸ. ಬಾಗಿಲ ಪಕ್ಕದ ಗಾಜಣ್ಣನಿಗೆ ಚೂರು ಬೇಡ. ಪುಟ್ಟ ಬ್ರಶ್ಶಿನಲ್ಲಿ ಸವರಿ ತಂದ ಬಿಡಿ ಜೀವಕೋಶಗಳನ್ನು ಗಾಜಿಗೆ ಬಳಿದು, ಬಣ್ಣ ಹಾಕಿ, ಅನುಮಾನ ಬಂದಲ್ಲಿ ಚುಕ್ಕೆಯಿಟ್ಟು ಪ್ರಯೋಗಾಲಯದ ಡಾಕ್ಟರಿಗೆ ಒಪ್ಪಿಸುತ್ತಿದ್ದ.

"ನಿನ್ನದು ಮನೆ ಕೆಡವಿ ಇಟ್ಟಿಗೆ ನೋಡಿದ ಹಾಗೆ. ಮನೆ ಹೇಗಿತ್ತು ಅಂತ ಯಾವ ಇಟ್ಟಿಗೆ ಹೇಳುತ್ತಪ್ಪಾ?" ಎಂದು ಅವಳು ಛೇಡಿಸುವಳು.

"ನಿಮ್ಮದು ಒಂದು ಮೂಲೆ ಕಿತ್ತು ತಂದು ಇಡೀ ಮನೆ ನೋಡ್ದೆ ಅನ್ನೋ ಹಾಗೆ, ಅಕ್ಕಾ. ನನ್ನ ಬ್ರಶ್ಶು ಎಲ್ಲಾ ಗೋಡೆ ಸವರಿ ಬರುತ್ತೆ. ನೋವೂ ಕಮ್ಮಿ!"

ಮುಟ್ಟು ನಿಂತು ಆರು ವರ್ಷವಾದ ಮೇಲೆ ಮೇಣದಕ್ಕನಿಗೆ ಮತ್ತೆ ರಕ್ತ ಕಾಣಿಸಿತು. ಗುಟ್ಟಾಗಿಡಬೇಕೆಂದುಕೊಂಡಳು. ಆದರೆ ಮನೆಯಲ್ಲಿ ಮಗಳಿದ್ದಳಲ್ಲ, ಕೈಗೂಸಿನ ತಾಯಿ, ಕೂಸು ಎರಡು ಸಲ ಸೀನಿದರೆ ಥರ್ಮಾಮೀಟರ್ ಹುಡುಕುವವಳು! ಬಕೆಟ್ಟಿನಲ್ಲಿ ನೆನೆಸಿಟ್ಟ ಬಟ್ಟೆ ಅವಳ ಕಣ್ಣಿಗೆ ಬಿತ್ತು.

"ಯಾವಾಗಿಂದ ಅಮ್ಮಾ?"

"ಏನಿಲ್ಲ ಕಣೇ, ವಯಸ್ಸು."

"ಊರವರಿಗೆಲ್ಲ ಬುದ್ಧಿ ಹೇಳ್ತೀಯ, ನಿನಗೆ ಮಾತ್ರ ವಯಸ್ಸಾ? ಎದ್ದೇಳು!"

ಹೆರಿಗೆ ವಿಭಾಗದ ಡಾಕ್ಟರಮ್ಮ ಗರ್ಭಕೋಶದ ಒಳಪೊರೆಯನ್ನು ಬ್ರಶ್ಶಿನಿಂದಲೂ ಸವರಿದರು, ಸಣ್ಣ ನಳಿಕೆಯಿಂದ ಒಂದು ಚೂರನ್ನೂ ಎಳೆದರು. ಬ್ರಶ್ಶು ಚಿವುಟಿದಷ್ಟೇ. ನಳಿಕೆಗೆ ಸೊಂಟವೆಲ್ಲ ಝಲ್ಲೆಂದಿತು. ಗಾಜಣ್ಣನ ಮಾತು ನಿಜವೆಂದು ಒಪ್ಪುವ ಮನಸ್ಸಾಗದೆ ಅವಳು ಹಲ್ಲು ಕಚ್ಚಿದಳು.

ತನ್ನ ಅಥವಾ ಮನೆಯವರ ಚೂರನ್ನು ಯಾರೂ ಮುಟ್ಟಬಾರದು, ಇನ್ನೊಂದು ಪಾಳಿಗೆ ಕೊಡಬೇಕು ಎಂಬುದು ಪ್ರಯೋಗಾಲಯದ ನಿಯಮ. ಆದರೆ ಮಧ್ಯಾಹ್ನದ ಪಾಳಿಯವಳ ಕೈ ಮೇಣದಕ್ಕನಿಗೆ ಎಂದೂ ಹಿಡಿಸಿರಲಿಲ್ಲ. ಅವಳೆಲ್ಲಾದರೂ ಕೆಡಿಸಿಬಿಟ್ಟರೆ? ಮರುದಿನ ಎಲ್ಲರಿಗಿಂತ ಮೊದಲೇ ಬಂದು ತನ್ನ ಅಚ್ಚನ್ನು ತಾನೇ ಕೊಯ್ಯುವ ಯಂತ್ರಕ್ಕೆ ಸಿಕ್ಕಿಸಿದಳು.

ಚೂರು ಅರ್ಧ ಅಕ್ಕಿಕಾಳಿನಷ್ಟಿತ್ತು. ಮೇಲಿನ ಮೇಣವನ್ನು ಕೆರೆಯುತ್ತಾ, ಎರಡು ಸುತ್ತಿಗೊಮ್ಮೆ ನಿಂತು ನೋಡಬೇಕು. ಅವಳ ಕೈ ಯಂತ್ರದ ಚಕ್ರ ತಿರುಗಿಸುತ್ತಿತ್ತು, ಮನಸ್ಸು ಮಾತ್ರ ಮಗಳ ಮುಖದಲ್ಲಿತ್ತು. ಕಣ್ಣು ಬಿಟ್ಟು ನೋಡಿದರೆ ಅಚ್ಚು ಬರೀ ಬಿಳಿ. ಚೂರೆಲ್ಲ ಮೇಣದ ಪುಡಿಯ ಜೊತೆ ಹೋಗಿತ್ತು. ಪುಡಿಯನ್ನು ಕಪ್ಪು ಕಾಗದದ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಕೂತಳು.

"ಏನಕ್ಕಾ ಹುಡುಕ್ತಿದ್ದೀರಿ?" ಗಾಜಣ್ಣ ಒಳಗೆ ಬಂದ.

"ನನ್ನನ್ನೇ."

ವಿಷಯ ತಿಳಿದ ಮೇಲೂ ಅವನು ಹಂಗಿಸಲಿಲ್ಲ. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ. ಅವಳದೇ ಬ್ರಶ್ಶಿನ ಗಾಜನ್ನು ಮೈಕ್ರೋಸ್ಕೋಪಿನಡಿ ಇಟ್ಟು ಅವನು ಒಂದು ಗಂಟೆ ತಲೆ ಎತ್ತಲಿಲ್ಲ. ಆಮೇಲೆ ಡಾಕ್ಟರಿಗೂ ತೋರಿಸಿ ಬಂದ.

"ಕ್ಯಾನ್ಸರಾ? ಹೇಳಿಬಿಡೋ."

"ಸೆಲ್ಲುಗಳು ಬೇಕಾದಷ್ಟು ಸಿಕ್ಕಿವೆ ಅಕ್ಕಾ. ಗುಂಪುಗುಂಪಾಗಿ ಬೆಳೆದಿವೆ, ಅನುಮಾನ ಇದೆ. ಆದ್ರೆ ಪೊರೆ ಬರೀ ದಪ್ಪ ಆಗಿದೆಯೋ, ಕ್ಯಾನ್ಸರೋ, ನನ್ನ ಗಾಜು ಹೇಳಲ್ಲ. ಗ್ರಂಥಿಗಳು ಒಂದರ ಪಕ್ಕ ಒಂದು ಹೇಗೆ ನಿಂತಿವೆ ಅಂತ ನೋಡ್ಬೇಕು. ಅದಕ್ಕೆ ನಿಮ್ಮ ಮೇಣವೇ ಆಗಬೇಕು."

ಇಪ್ಪತ್ತೆರಡು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಸೋಲು. ಸಂತೋಷಪಡಲು ಅವಳಿಗೆ ಪುರುಸೊತ್ತಿರಲಿಲ್ಲ. ನೆಟ್ಟಗೆ ಡಾಕ್ಟರಮ್ಮನ ಬಳಿ ಹೋಗಿ, "ನಾನೇ ಕೊಯ್ದು ಕಳೆದುಬಿಟ್ಟೆ, ಇನ್ನೊಂದು ತೆಗೀರಿ" ಎಂದಳು. ಬೈಸಿಕೊಂಡಳು. ಮತ್ತೆ ಸೊಂಟ ಝಲ್ಲೆನಿಸಿಕೊಂಡಳು.

ಈ ಸಲ ಅಚ್ಚನ್ನು ಮಧ್ಯಾಹ್ನದ ಪಾಳಿಯವಳ ಕೈಗಿಟ್ಟು ಮೊಗಸಾಲೆಯಲ್ಲಿ ನಿಂತಳು. ಒಳಗೆ ಚಕ್ರ ಎರಡು ಸುತ್ತು ತಿರುಗಿ ನಿಲ್ಲುತ್ತಿತ್ತು, ಮತ್ತೆ ಎರಡು ಸುತ್ತು. ಕೂಸನ್ನು ಹೆಗಲಿಗೆ ಹಾಕಿಕೊಂಡ ಮಗಳು ಅವಳ ಸೆರಗಿನ ತುದಿ ಹಿಡಿದೇ ಇದ್ದಳು.

ನಾಲ್ಕನೆಯ ದಿನ ವರದಿ ಬಂತು: ಪೊರೆ ದಪ್ಪವಾಗಿದೆ, ಕ್ಯಾನ್ಸರ್ ಅಲ್ಲ. ಮಾತ್ರೆ ನುಂಗಬೇಕು, ಆರು ತಿಂಗಳಿಗೆ ಮತ್ತೊಮ್ಮೆ ಚೂರು ಕೊಡಬೇಕು. ಮಗಳು ಅತ್ತಳು, ಅವಳನ್ನು ನೋಡಿ ಕೂಸೂ ಅತ್ತಿತು.

ಮೇಣದಕ್ಕ ಮೂಗೊರೆಸಿಕೊಂಡು ಮಧ್ಯಾಹ್ನದ ಪಾಳಿಯವಳ ಮುಂದೆ ನಿಂತಳು. "ಆರು ತಿಂಗಳಿಗೆ ಬರೋದನ್ನೂ ನೀನೇ ಕೊಯ್ಯಬೇಕು ಕಣಮ್ಮಾ."

"ಕೊಯ್ತೀನಿ ಅಕ್ಕಾ," ಎಂದಳು ಅವಳು ಅಲಗು ಒರೆಸುತ್ತಾ. "ಆದ್ರೆ ಅವತ್ತು ನೀವು ರಜೆ ಹಾಕಿ."