ಕರಿಬೇವಿನ ಬುಡದ ತಂತಿ

ರೇಡಿಯೋ ರಿಪೇರಿಯಾಗಿ ಬಂದದ್ದೂ ನಾನು ಗಿಡಕ್ಕೆ ನೀರು ಸುರಿದದ್ದೂ ಒಂದೇ ದಿನ. ಅಥವಾ ಅವು ಎರಡು ಬೇರೆ ಬೇರೆ ದಿನಗಳಿರಬಹುದು, ನಾನೇ ಒಂದಕ್ಕೊಂದು ಸೇರಿಸಿ ಹೊಲಿದಿರಬಹುದು. ನಾನು ಚಿಕ್ಕವಳಿದ್ದಾಗ, ಹತ್ತೋ ಹನ್ನೊಂದೋ ವಯಸ್ಸಿನಲ್ಲಿ ನಡೆದದ್ದು ಇದು. ರೇಡಿಯೋ ನಿಜ. ಒಣಗುತ್ತಿದ್ದ ಕರಿಬೇವಿನ ಗಿಡ ನಿಜ. ಉಳಿದದ್ದನ್ನು ನಂಬುವ ಮುಂಚೆ ಸ್ವಲ್ಪ ಅನುಮಾನಿಸಿ ಮಕ್ಕಳೇ, ನಾನೂ ಅನುಮಾನಿಸುತ್ತೇನೆ.

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಮಗ್ಗದ ಪಕ್ಕದ ಗೂಡಿನಲ್ಲಿ ರೇಡಿಯೋ ಇತ್ತು. ಅದರ ಒಂದು ತಂತಿ ಹೆಂಚಿನ ಮೇಲೆ, ಎರಡು ಬಿದಿರು ಗಳುಗಳ ನಡುವೆ ಚಾಚಿಕೊಂಡಿತ್ತು. ಇನ್ನೊಂದು ಕಿಟಕಿಯಿಂದ ಹಿತ್ತಲಿಗೆ ಇಳಿದು ಕರಿಬೇವಿನ ಬುಡದಲ್ಲಿ ಮಣ್ಣಿಗೆ ಸೇರಿತ್ತು. ಅಪ್ಪನ ಲಾಳಿಗೆ ಬೇಕಾದ ನೂಲನ್ನು ಅವ್ವ ರಾಟೆಯಲ್ಲಿ ಸುತ್ತಿಕೊಡುತ್ತಿದ್ದಳು. ಮಗ್ಗದ ಲಟಕ್ ಲಟಕ್, ರಾಟೆಯ ಗೊರಗೊರ, ನಡುವೆ ರೇಡಿಯೋ ಹಾಡು. ಮೂರೂ ಸೇರಿದರೆ ಅದು ಮನೆಯ ಸದ್ದು.

ಸಂಕ್ರಾಂತಿ ಕಳೆದ ಮೇಲೆ ಅವ್ವ ಜ್ವರ ಬಂದು ತೀರಿಕೊಂಡಳು. ಬಿಸಿಲು ಏರಿತು. ರೇಡಿಯೋ ಹಾಡುವುದನ್ನು ಬಿಟ್ಟಿತು. ಯಾವ ಸ್ಟೇಷನ್ನಿಗೆ ತಿರುಗಿಸಿದರೂ ಗೊರಗೊರ ಎನ್ನುತ್ತಿತ್ತು, ಆಗಾಗ ಟಕ್ ಎಂದು ನಿಂತು ಮತ್ತೆ ಶುರುವಾಗುತ್ತಿತ್ತು. ಅಕ್ಕ ಅದಕ್ಕೆ ಕಿವಿಯಾನಿಸಿ ಕೂರುತ್ತಿದ್ದಳು.

"ಕೇಳೇ, ಅವ್ವ ನೂಲು ಸುತ್ತಾವ್ಳೆ. ಈಗ ಎಳೆ ಕಿತ್ತೋಯ್ತು, ಕಟ್ತಾವ್ಳೆ. ತಾಳು... ಊಂ, ಮತ್ತೆ ಸುರು."

ನನಗೂ ಕೇಳಿಸಿತು. ಅಥವಾ ಅಕ್ಕ ಹೇಳಿದ ಮೇಲೆ ಕೇಳಿಸಿತು. ಬಟ್ಟೆ ಹೊದಿಸಿದ ನಿಜವಾದ ರಾಟೆ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು.

ಅಪ್ಪ ಹೆಂಚು ಹತ್ತಿ ಮೇಲಿನ ತಂತಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಗಳುಗಳನ್ನು ಎತ್ತರಿಸಿದರು. ಕೆಳಗಿನ ತಂತಿ ಯಾರ ನೆನಪಿಗೂ ಬರಲಿಲ್ಲ. ಕೊನೆಗೆ ಸೆಟ್ಟನ್ನು ರಿಪೇರಿಗೆ ಕೊಟ್ಟರು. ನಾನು ಹೇಳುತ್ತಿರುವ ದಿನ ಬೆಳಿಗ್ಗೆ ರಿಪೇರಿಯವನೇ ಅದನ್ನು ಸೈಕಲ್ಲಿನಲ್ಲಿ ತಂದು ಗೂಡಿನಲ್ಲಿಟ್ಟು ಹಚ್ಚಿದ. ಗೊರಗೊರ.

"ನನ್ನಂಗಡೀಲಿ ಗಿಣಿಯಂಗೆ ಮಾತಾಡ್ತು ಸಾ," ಎಂದ. "ಸೆಟ್ಟಿಗೆ ಏನೂ ಕಾಯ್ಲೆ ಇಲ್ಲ. ಮನೇಗೆ ಇದ್ರೆ ನಂಗೊತ್ತಿಲ್ಲ."

"ಮನೇಗೆ ಏನ್ಲಾ ಕಾಯ್ಲೆ?" ಎಂದು ಅಪ್ಪ ಗದರಿದರು. ಅವನು ಮೂಲೆಯ ರಾಟೆಯನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿ ಹೊರಟುಹೋದ.

ಅಪ್ಪ ಲಾಳಿಯನ್ನು ಬದಿಗಿಟ್ಟರು. ಆಮೇಲೆ, "ನಾಳೆ ಇದನ್ನ ಮಾಂಬಳ್ಳಿ ಮಾವಂಗೆ ಕೊಟ್ಬುಡ್ತೀನಿ. ಅವ್ರ ಮನೇಲಾದ್ರೂ ಮಾತಾಡ್ಲಿ," ಎಂದರು.

"ಬ್ಯಾಡ ಕಣಪ್ಪ, ಇರ್ಲಿ," ಎಂದಳು ಅಕ್ಕ.

"ಇಟ್ಕಂಡು ಏನ್ಮಾಡಾನ? ಈ ಗೊರಗೊರ ಕೇಳ್ತಾ ಕೂರಾನ?"

ಹೌದು ಎನ್ನುವ ಬದಲು ಅಕ್ಕ ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ರೇಡಿಯೋ ಮಾವನ ಮನೆಗೆ ಹೋದರೆ ಅವಳಿಗೆ ಅದರಲ್ಲಿ ಕೇಳಿಸುವ ಅವ್ವನ ರಾಟೆಯೂ ಹೋಗುತ್ತದೆ. ಇಲ್ಲೇ ಸರಿಹೋದರೂ ಹೋಗುತ್ತದೆ. ಇದು ನನಗೆ ಆಗಲೇ ಹೊಳೆದಿತ್ತೇ?

ಮಧ್ಯಾಹ್ನ ಒಗ್ಗರಣೆಗೆ ಕರಿಬೇವು ತರಲು ಅಕ್ಕ ನನ್ನನ್ನು ಹಿತ್ತಲಿಗೆ ಕಳಿಸಿದಳು. ಎಲೆಗಳು ಹಳದಿಯಾಗಿದ್ದವು, ಬುಡ ಬಿರುಕು ಬಿಟ್ಟಿತ್ತು. ಅವ್ವ ದಿನಾ ಅಕ್ಕಿ ತೊಳೆದ ನೀರನ್ನು ಅಲ್ಲಿಗೇ ಹಾಕುತ್ತಿದ್ದಳು. ಅವಳು ಹೋದ ಮೇಲೆ ಯಾರೂ ಹಾಕಿರಲಿಲ್ಲ. ನಾನು ಅಡುಗೆಮನೆಯಿಂದ ಅಂದಿನ ಅಕ್ಕಿ ತೊಳೆದ ನೀರಿನ ಪಾತ್ರೆ ತಂದು ಸುರಿದೆ, ಬಾವಿಯಿಂದ ಎರಡು ಬಿಂದಿಗೆ ಸೇದಿ ಸುರಿದೆ. ಮಣ್ಣು ಗುಳುಗುಳು ಎಂದು ಕುಡಿಯಿತು, ಬಿಸಿ ವಾಸನೆ ಎದ್ದಿತು. ಬಿರುಕಿನೊಳಗೆ ಹಸಿರು ಕಿಲುಬು ಹಿಡಿದ ತಂತಿ ಕಾಣಿಸಿತು. ಅದನ್ನು ನೋಡಿದ್ದು ನೀರು ಹಾಕುವ ಮೊದಲೋ, ಆಮೇಲೋ?

ಒಳಗೆ ಗೊರಗೊರ ತೆಳುವಾಗುತ್ತ ಬಂತು. ಅದರೊಳಗಿಂದ ಯಾರೋ ಹಿಪ್ಪುನೇರಳೆಗೆ ಗೊಬ್ಬರ ಹಾಕುವ ಬಗ್ಗೆ, ನಮ್ಮ ಜಗಲಿಯಲ್ಲೇ ಕೂತವರಂತೆ ಮಾತಾಡತೊಡಗಿದರು.

"ಬಂತು! ಬಂತು ಕಣ್ರಮ್ಮಿ!" ಅಪ್ಪ ನಕ್ಕರು. ಅವ್ವ ಹೋದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ಅಕ್ಕ ಸೌಟು ಹಿಡಿದುಕೊಂಡೇ ಹಿತ್ತಲ ಬಾಗಿಲಿಗೆ ಬಂದಳು. ಒದ್ದೆ ಮಣ್ಣನ್ನು ನೋಡಿದಳು.

"ನೀರು ಉಯ್ದ್ಯಾ?"

"ಊಂ."

"ಗಿಡಕ್ಕಾ, ತಂತಿಗಾ?"

"ಗಿಡಕ್ಕೆ," ಎಂದೆ. ಅವಳು ಒಳಗೆ ಹೋದಳು.

ರೇಡಿಯೋ ನಮ್ಮ ಮನೆಯಲ್ಲೇ ಉಳಿಯಿತು. ಕೆಲವು ದಿನಗಳ ಮೇಲೆ, ಅಪ್ಪ ಇಲ್ಲದಾಗ, ಅಕ್ಕ ನೆಲದ ತಂತಿಯನ್ನು ಸೆಟ್ಟಿನಿಂದ ಕಿತ್ತು ಕಿವಿಯಿಟ್ಟಳು. ಗೊರಗೊರ ಬಂತು. ತುಂಬ ಹೊತ್ತು ಕೇಳಿ, "ಇದು ಬರೀ ಸದ್ದು," ಎಂದು ತಂತಿಯನ್ನು ಮತ್ತೆ ಸಿಕ್ಕಿಸಿದಳು. ಮದುವೆಯಾಗಿ ಹೋಗುವ ತನಕ ದಿನಾ ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಿದವಳು ಅವಳೇ.

ನೆಲದ ತಂತಿಯ ಸುತ್ತ ಮಣ್ಣು ಒಣಗಿದರೆ ಆ ಕಾಲದ ರೇಡಿಯೋಗಳು ಹಾಗೆ ಗೊರಗುಟ್ಟುತ್ತಿದ್ದವು ಎಂದು ಎಷ್ಟೋ ವರ್ಷಗಳ ನಂತರ ತಿಳಿಯಿತು. ನಿಮ್ಮ ಫೋನುಗಳಿಗೆ ಮಣ್ಣೂ ಬೇಡ, ನೀರೂ ಬೇಡ. ಸಿಗ್ನಲ್ ಹೋದಾಗ ಪರದೆಯ ಮೇಲೆ ಒಂದು ಪುಟ್ಟ ಚಕ್ರ ತಿರುಗುತ್ತದೆ, ಸದ್ದೇ ಇಲ್ಲದೆ. ನೀವು ಬೇಸರದಿಂದ ಅದನ್ನು ಬದಿಗಿಡುತ್ತೀರಿ. ನಾನು ಮಾತ್ರ ಸ್ವಲ್ಪ ಹೊತ್ತು ನೋಡುತ್ತ ಕೂರುತ್ತೇನೆ.

ಅವ್ವ ನೀರು ಹಾಕುತ್ತಿದ್ದದ್ದು ಗಿಡಕ್ಕೋ ತಂತಿಗೋ, ಗೊತ್ತಿಲ್ಲ. ಅಂದು ಅಕ್ಕನಿಗೆ ನಾನು ಕೊಟ್ಟ ಉತ್ತರ ನಿಜವೋ ಸುಳ್ಳೋ, ಅದೂ ನನಗೆ ಗೊತ್ತಿಲ್ಲ.