ಹಾರದ ಲಾಳಿ

ದುಂಡಪ್ಪ, ಆ ದಿನ ಲಾಳಿ ಹಾರಿರಲಿಲ್ಲ. ನಾನೇ ಅದನ್ನು ಮಗ್ಗದಿಂದ ತೆಗೆದು ನೆಲಕ್ಕೆ ಎಸೆದು, ತೊಡೆ ಹಿಡಿದುಕೊಂಡು, ಹಾರಿ ಬಡಿಯಿತೆಂದು ಕೂಗಿದೆ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿನ್ನ ಮನೆಯ ಚಹಾ ಕುಡಿದಿದ್ದೇನೆ.

ಯಾಕೆ ಎಸೆದೆ — ಹೇಳುತ್ತೇನೆ, ಆದರೆ ನೆಪವೆಂದು ತಿಳಿಯಬೇಡ. ನಮಗೆ ಮಕ್ಕಳಿರಲಿಲ್ಲವಲ್ಲ, ಇಚಲಕರಂಜಿಯ ನಮ್ಮ ಓಣಿಯೆಲ್ಲ ನನ್ನ ಹೆಂಡತಿ ಶೋಭಾಳತ್ತಲೇ ನೋಡುತ್ತಿತ್ತು. ಕೊರತೆ ನನ್ನಲ್ಲಿತ್ತು. ವೀರ್ಯದಲ್ಲಿ ಒಂದು ವೀರ್ಯಾಣುವೂ ಇಲ್ಲ ಎಂದರು ಕೊಲ್ಹಾಪುರದ ಡಾಕ್ಟರು. ವೃಷಣವನ್ನೇ ಸ್ವಲ್ಪ ಕೊಯ್ದು ಒಳಗೆ ಹುಡುಕಬಹುದು, ಸಿಕ್ಕರೆ ಹೆಂಡತಿಯ ಅಂಡಾಣುವಿಗೆ ಸೇರಿಸಬಹುದು, ಸಿಗದೆಯೂ ಇರಬಹುದು ಎಂದರು. ಗಡಹಿಂಗ್ಲಜಕ್ಕೆ ಮದುವೆಗೆ ಹೋಗುತ್ತೇನೆಂದು ಮಗ್ಗದ ಶೆಡ್ಡಿನಲ್ಲಿ ಹೇಳಿ, ಕೊಲ್ಹಾಪುರಕ್ಕೆ ಹೋಗಿ ಮಲಗಿದೆ. ಎಲ್ಲ ಮುಗಿದ ಮೇಲೆ ಡಾಕ್ಟರು ಬಂದು "ಸಾಪಡಲೆ" ಎಂದರು. ಸಿಕ್ಕವು! ಶೋಭಾ ಅತ್ತಳು. ನಾನೂ ಅತ್ತೆ.

ವಿಶ್ರಾಂತಿ ತಗೋ ಎಂದಿದ್ದರು. ಮನೆಯಲ್ಲಿ ಮಲಗಿದರೆ ಓಣಿ ಕಾರಣ ಕೇಳುತ್ತದೆಂದು ಕೆಲಸಕ್ಕೆ ಬಂದೆ. ಕಾಲು ಅಗಲಿಸಿ ನಡೆಯುವುದನ್ನು ಕಂಡು ಪಕ್ಕದ ಮಗ್ಗದವನು ಕಣ್ಣು ಹೊಡೆದ. "ಮದುವಿ ಯಾರದೋ ಮಲ್ಲ್ಯಾ, ನಿಂದ ಏನ?" ಎಲ್ಲರೂ ನಕ್ಕರು. ಆ ನಗೆ ಇನ್ನೊಂದು ಮಾತು ಮುಂದೆ ಹೋದರೆ ನನ್ನ ಗಂಡಸುತನದ ಮಾನ ಬೀದಿಪಾಲು ಎನ್ನಿಸಿತು. ನನ್ನ ನಡಿಗೆಗೆ ಬೇರೊಂದು ಕಾರಣ ಬೇಕಿತ್ತು — ಲಾಳಿ ಕೈಗೆ ಬಂತು.

ಮಗ್ಗಗಳನ್ನು ಸರಿಮಾಡುವ ಜಾಬರ್ ನೀನು. ಲಾಳಿ ಹಾರಿದರೆ ಎಲ್ಲರ ಬೆರಳು ಜಾಬರನ ಕಡೆಗೇ ತಿರುಗುತ್ತದೆಂದು ನನಗೆ ಗೊತ್ತಿತ್ತು. ಅದೇ ಶೆಡ್ಡಿನಲ್ಲಿ ಹಿಂದೆ ಲಾಳಿ ಬಡಿದು ಒಬ್ಬನ ಕಣ್ಣು ಹೋಗಿತ್ತೆಂಬುದೂ ಗೊತ್ತಿತ್ತು. ಆ ಕ್ಷಣ ಮಾತ್ರ — ಇಲ್ಲ, ಬಿಡು.

ನೀನು ಓಡಿ ಬಂದು ನನ್ನನ್ನು ಕೂರಿಸಿ ನೀರು ಕುಡಿಸಿದೆ. ಆಮೇಲೆ ಆ ಮಗ್ಗದ ಮುಂದೆ ಕುಳಿತು, ಒಂದೊಂದೇ ಭಾಗ ಬಿಚ್ಚಿ, ಬೆರಳಾಡಿಸಿ ಹುಡುಕಿದೆ. "ಏನೂ ಸಿಗವಲ್ದೋ ಮಲ್ಲ್ಯಾ. ಆದ್ರ ನಿನಗ ಬಡದೈತಲ್ಲ, ಎಲ್ಲೋ ನಾನ ತಪ್ಪೇನಿ," ಎಂದೆ. ನಿನ್ನ ಕೈಗಿಂತ ನನ್ನ ಮಾತನ್ನು ಹೆಚ್ಚು ನಂಬಿದೆಯಲ್ಲ, ಮಾರಾಯ! ಮಾಲಕ ಬಂದು "ಉದ್ಯಾಪಾಸೂನ ಯೇವು ನಕೋ" ಎಂದ. ನಾಳೆಯಿಂದ ಬರಬೇಡ. ನಾನು ತಲೆ ತಗ್ಗಿಸಿ ತೊಡೆ ಉಜ್ಜಿಕೊಳ್ಳುತ್ತಿದ್ದೆ.

ನೀನು ನಿನ್ನೂರು ನೂಲಕ್ಕೆ ಹೋದೆ. ಬೇರೆ ಶೆಡ್ಡಿನವರು ಕರೆದರೂ "ನನ್ನ ಕೈ ಮ್ಯಾಲೆ ನನಗ ಭರೋಸೆ ಉಳದಿಲ್ರಿ" ಎಂದು ಒಲ್ಲೆನೆಂದೆ. ನಮ್ಮ ಶ್ರಾವಣಿ ಹುಟ್ಟಿದಾಗ ನೀನು, ನಿನ್ನ ಹೆಂಡತಿ ಹೊಲಿದ ಕುಲಾಯಿ ತಂದು ಅವಳ ತಲೆಗೆ ಹಾಕಿದೆ. ಮಗುವನ್ನು ಎತ್ತಿಕೊಂಡೇ ಕೇಳಿದೆ, "ಕಾಲ ಈಗ ಹೆಂಗೈತೋ?"

"ಥಂಡಿಗೆ ಒಂದೀಟ ಜಗ್ಗತೈತಿ," ಎಂದೆ ನಾನು.

ಆಗ ಆ ಸುಳ್ಳಿನ ಅಗತ್ಯವೇ ಇರಲಿಲ್ಲ. ಆದರೂ ಭೇಟಿಯಾದಾಗಲೆಲ್ಲ ನೀನು ಕೇಳುತ್ತೀ, ನಾನು ಅದನ್ನೇ ಹೇಳುತ್ತೇನೆ.

ಶೆಡ್ಡಿನ ಗದ್ದಲದಲ್ಲಿ ಈಗಲೂ ನೀನು ಅಲ್ಲೇ ಕುಳಿತಂತೆ ಕಾಣುತ್ತದೆ — ಇಲ್ಲದ ದೋಷಕ್ಕಾಗಿ ಕಬ್ಬಿಣದ ಮೇಲೆ ಬೆರಳಾಡಿಸುತ್ತ. ಮಗಳು ನಗುವಾಗಲೂ ಕಾಣುತ್ತದೆ, ಅದನ್ನು ತಡೆಯಲಾಗುವುದಿಲ್ಲ.

ಮೊನ್ನೆ ಶೋಭಾಳ ಮುಂದೆ ಬಾಯಿಬಿಟ್ಟೆ. ಅವಳು, "ಮಂದಿ ಕಡಿಂದ ಬಂಜಿ ಅನ್ನಿಸ್ಕೊಂಡೆ, ಆದ್ರ ಖರೇ ಏನ ಅನ್ನೂದು ನನಗ ಗೊತ್ತಿತ್ರಿ. ದುಂಡಣ್ಣಗ ಅದೂ ಗೊತ್ತಿಲ್ಲಲ್ರಿ," ಎಂದಳು.

ಬರುವ ಸೂಟಿಯ ದಿನ ನೂಲಕ್ಕೆ ಬರುತ್ತೇನೆ. ನೀನು ಎಂದಿನಂತೆ ಕಾಲಿನ ವಿಚಾರ ಕೇಳುತ್ತೀ. ಕಾಲಿಗೆ ಏನೂ ಆಗಿರಲಿಲ್ಲ ಎನ್ನುತ್ತೇನೆ. ನಿನ್ನ ಮಗ್ಗಕ್ಕೂ ಏನೂ ಆಗಿರಲಿಲ್ಲ, ದುಂಡಪ್ಪ.